ಅಣ್ಣನ ತುಕಡಿಯಲ್ಲಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೊಳಲ್ಕೆರೆಯಲ್ಲಿ ನಾವು ಬೀಡುಬಿಟ್ಟದ್ದು ಕೆರೆ ಏರಿಯ ಕೆಳಗೋ ಊರಾಚೆಯ ಮಾವಿನ ತೋಪಿನಲ್ಲೋ ಎಂದು ಈಗ ಖಚಿತವಾಗಿ ಹೇಳಲಾರೆ. ಆಗ ನಾನು ದಿನಚರಿ ಬರೆಯುತ್ತಿದ್ದೆ, ನಿಜ. ಆದರೆ ತೆಗೆದು ನೋಡಿದರೆ ಅದರಲ್ಲಿ ಊಟ, ಬಿಸಿಲು, ಬಂದೂಕಿನ ಭಾಗಗಳ ಹೆಸರು ಬಿಟ್ಟು ಹೆಚ್ಚೇನೂ ಇಲ್ಲ. ನಾಚಿಕೆಪಟ್ಟ ದಿನಗಳಲ್ಲಿ ಬಿಸಿಲಿನ ವಿಷಯವನ್ನು ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ. ಹೀಗಾಗಿ ನೆನಪನ್ನೇ ನಂಬಬೇಕು. ನನ್ನ ನೆನಪು ನನ್ನ ಪರವಾಗಿ ವಾಲುವಂಥದ್ದು ಎಂಬುದು ನನಗೆ ಗೊತ್ತಿದೆ.

ಯುದ್ಧ ಶುರುವಾಗಿ ಅದರ ಬಿಸಿ ನಮ್ಮ ಸಂಸ್ಥಾನಕ್ಕೂ ತಟ್ಟಿದ್ದ ಕಾಲ. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ್ದ ನನ್ನನ್ನು ವಾಯುಪಡೆಯವರು ಪೈಲಟ್ ತರಬೇತಿಗೆ ಆರಿಸಿದ್ದರು. ಉತ್ತರದಲ್ಲಿದ್ದ ಹಾರಾಟದ ಶಾಲೆಯಲ್ಲಿ ಜಾಗ ತೆರವಾಗಲು ಇನ್ನೂ ಕೆಲವು ತಿಂಗಳು ಕಾಯಬೇಕಿತ್ತು. ಆಯ್ಕೆಯ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತು. ಇಷ್ಟವಿದ್ದವರು ಈ ನಡುವೆ ಹತ್ತಿರದ ಸೈನ್ಯ ಶಿಬಿರದಲ್ಲಿ ಕಾಲಾಳುಗಳ ತರಬೇತಿ ಪಡೆಯಬಹುದು, ಕಡ್ಡಾಯವೇನಿಲ್ಲ.

ನನಗೆ ಹತ್ತಿರದ ಶಿಬಿರ ಚಿತ್ರದುರ್ಗದ್ದು. ಜೋಗಿಮಟ್ಟಿಯ ತಪ್ಪಲಿನಲ್ಲಿ, ಕಲ್ಲು ಬಂಡೆಗಳ ನಡುವೆ ಒಂದಿಷ್ಟು ಬಯಲು ಸಮ ಮಾಡಿ ಡೇರೆ ಹೊಡೆದಿದ್ದರು. ಅಲ್ಲಿ ಹೊಸಬರಿಗೆ ಕವಾಯತು ಕಲಿಸುತ್ತಿದ್ದ ಹವಾಲ್ದಾರರಲ್ಲಿ ನನ್ನ ಅಣ್ಣನೂ ಒಬ್ಬ. ಅಪ್ಪ ತೀರಿಕೊಂಡ ವರ್ಷ ಅವನು ಸಂಸ್ಥಾನದ ಪಲ್ಟಣಿಗೆ ಸೇರಿದ್ದ. ನಾನು ಆಗ ದುರ್ಗದ ಮಾಧ್ಯಮಿಕ ಶಾಲೆಯಲ್ಲಿದ್ದೆ. ಅವನು ಹೋದ, ನಾನು ಓದು ಮುಂದುವರಿಸಿದೆ. ನಮ್ಮ ಮನೆಯಲ್ಲಿ ಈ ಎರಡನ್ನೂ ಯಾರೂ ಒಂದೇ ಮಾತಿನಲ್ಲಿ ಸೇರಿಸಿ ಹೇಳುತ್ತಿರಲಿಲ್ಲ.

ನನ್ನ ಜೊತೆಗೇ ಆಯ್ಕೆಯಾಗಿದ್ದ ಕಾಲೇಜಿನ ಸ್ನೇಹಿತನೊಬ್ಬ ಈ ವಿಷಯವನ್ನು ಅರ್ಧ ಲೋಟ ಕಾಫಿ ಕುಡಿಯುವಷ್ಟರಲ್ಲಿ ತೀರ್ಮಾನಿಸಿಬಿಟ್ಟ.

"ನಂಗೇನು ತಲೆ ಕೆಟ್ಟೈತಾ? ಹೋಗ್ತಾ ಇರೋದು ಮೋಡದ ಮ್ಯಾಲೆ. ಅದಕ್ಕೆ ಮೊದ್ಲು ಹೊಂಡ ತೋಡಾದು ಕಲೀಬೇಕಂತೆ. ನಾನು ದಾವಣಗೆರೆಗೆ ಹೋಗಿ ಆರಾಮ ಉಂಡ್ಕಂಡು ಮಲಗ್ತೀನಪ್ಪ."

"ಹೋಗದಿದ್ದರೆ ಹೆದರಿದ ಅಂದುಕೊಳ್ಳುತ್ತಾರೇನೋ," ಎಂದೆ.

"ಯಾರು ಅಂದ್ಕಂತಾರೆ? ಯಾರೂ ನೋಡ್ತಾ ಇಲ್ಲ ಕಣೋ ನಿನ್ನ."

ಅವನ ಮಾತು ಸರಿಯೇ ಇತ್ತು. ಆದರೂ ನಾನು ದುರ್ಗಕ್ಕೆ ಹೋಗಿ ಶಿಬಿರದ ಕ್ಯಾಪ್ಟನ್ನರನ್ನು ಕಂಡೆ. ಅವರು ಮೈಸೂರಿನವರು, ಮೆದುವಾಗಿ ಮಾತಾಡುವವರು. ಮೇಜಿನ ಮೇಲಿದ್ದ ನಕ್ಷೆಯನ್ನು ಮಡಚುತ್ತಾ ಹೇಳಿದರು.

"ಬಲವಂತ ಇಲ್ಲ ನೋಡಿ. ಬಂದರೂ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ನಿಮ್ಮ ಮೇಲೆ ಏನೂ ಬರೆಯೋದಿಲ್ಲ. ಆದರೆ ಒಂದು ಮಾತು. ಎಂಜಿನ್ ಕೆಟ್ಟು ಎಲ್ಲೋ ಬಯಲಿನಲ್ಲಿ ಇಳಿದಿರಿ ಅಂತಿಟ್ಟುಕೊಳ್ಳಿ. ಆಮೇಲೆ ನೀವೂ ಕಾಲಾಳೇ ತಾನೇ? ನಡೆಯೋಕೆ ಬಾರದ ಪೈಲಟ್ಟು ಅಲ್ಲೇ ಕೂತಿರಬೇಕಾಗುತ್ತೆ."

ಆ ಮಾತು ನನಗೆ ಹಿಡಿಸಿತು. ಯೋಚಿಸಿ ಹೇಳುತ್ತೇನೆಂದು ಊರಿಗೆ ಬಂದೆ. ನಮ್ಮೂರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಅದೇ ವಾರ ಅಣ್ಣನೂ ರಜೆಯ ಮೇಲೆ ಬಂದಿದ್ದ. ಪಡಸಾಲೆಯಲ್ಲಿ ಅವ್ವ ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದಳು. ಅಣ್ಣ ಗೋಡೆಗೆ ಒರಗಿ ಕೂತು ಸುಲಿದದ್ದರಲ್ಲಿ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾನು ವಿಷಯ ಎತ್ತಿದೆ.

"ಬ್ಯಾಡ ಬಿಡು," ಅಂದ.

"ಯಾಕೆ?"

"ಅಲ್ಲಿ ನಾನು ಅಣ್ಣ ಅಲ್ಲ ಕಣಲೇ. ಬೈತೀನಿ. ಒಬ್ಬೊಬ್ರ ಅವ್ವನ್ನೂ ಸೇರ್ಸಿ ಬೈಯಾದು ಬಾಯಿಗೆ ಬಂದುಬಿಟ್ಟೈತೆ."

ಅವ್ವ ತಲೆಯೆತ್ತದೆ ಕೇಳಿದಳು. "ನನ್ನ ಯಾಕಪ್ಪ ಬೈತೀಯ? ನಾನೇನು ಮಾಡೀನಿ ನಿನ್ನ ಪಲ್ಟಣಿಗೆ?"

"ನಿನ್ನಲ್ಲವ್ವ. ಅವರವರ ಅವ್ವಂದಿರ್ನ."

"ಇವ್ನ ಅವ್ವ ಯಾರು ಮತ್ತೆ?"

ಮೂವರೂ ನಕ್ಕೆವು. ನಗು ನಿಂತ ಮೇಲೆ ಅಣ್ಣ ಗಂಭೀರವಾಗಿಯೇ ಹೇಳಿದ. "ಬರಂಗಿದ್ರೆ ಬಾ. ಬೇರೆ ತುಕಡಿ ಕೇಳ್ಕ. ನನ್ನ ಕೈಕೆಳಗೆ ಮಾತ್ರ ಬ್ಯಾಡ."

ನಾನು ತರಬೇತಿಗೆ ಹೋಗಲು ಒಪ್ಪಿದ್ದು ಯಾಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕ್ಯಾಪ್ಟನ್ನರ ಮಾತಿಗೆ ತಲೆದೂಗಿ ಹೋದೆ ಎಂದು ಹೇಳಿಕೊಳ್ಳಲು ಇಷ್ಟ. ಅಣ್ಣ ಇಷ್ಟು ವರ್ಷ ಪಟ್ಟ ಪಾಡು ಏನೆಂದು ಒಮ್ಮೆ ಮೈಮೇಲೆ ಹಾಕಿಕೊಂಡು ನೋಡಬೇಕೆನಿಸಿತ್ತು ಎಂದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಆದರೆ ಅವನು ಹೇಳಿದ ಹಾಗೆ ಬೇರೆ ತುಕಡಿಯನ್ನು ನಾನು ಕೇಳಲಿಲ್ಲ. ಶಿಬಿರಕ್ಕೆ ಸೇರಿದ ದಿನ ಕ್ಯಾಪ್ಟನ್ನರೇ, "ಅವರು ನಿಮ್ಮ ಅಣ್ಣನಂತೆ. ಅವರ ತುಕಡಿಯಲ್ಲೇ ಹಾಕಿದರೆ ತೊಂದರೆ ಏನಾದರೂ ಇದೆಯೆ?" ಎಂದು ವಿಚಾರಿಸಿದರು. ಇಲ್ಲ ಎಂದೆ. ಗುರುತಿಲ್ಲದ ಒಬ್ಬ ಹವಾಲ್ದಾರನ ಎದುರು ತಪ್ಪು ಮಾಡಲು ನನಗೆ ಭಯವಿತ್ತು. ಇಷ್ಟು ಮಾತ್ರ ನೆನಪಿನ ಮೇಲೆ ಅನುಮಾನವಿಲ್ಲದೆ ಬರೆಯಬಲ್ಲೆ.

ವಾಯುಪಡೆಗೆ ಆರಿಸಿದ್ದವರಲ್ಲಿ ಆ ಶಿಬಿರಕ್ಕೆ ಬಂದವನು ನಾನೊಬ್ಬನೇ. ನಾನು ಮುಂದೆ ಅಧಿಕಾರಿಯಾಗುವವನು ಎಂದು ನನಗೆ ಪ್ರತ್ಯೇಕವಾದ ಸಣ್ಣ ಡೇರೆ, ಅದರಲ್ಲೊಂದು ಮಂಚ ಕೊಟ್ಟಿದ್ದರು. ಸಿಪಾಯಿಗಳು ನೆಲದ ಮೇಲೆ ಮಲಗುತ್ತಿದ್ದರು, ಅಣ್ಣನೂ ಅಷ್ಟೆ. ಹಗಲೆಲ್ಲ ಅವನು ನನ್ನನ್ನು ನಂಬರಿನಿಂದ ಕೂಗುತ್ತಿದ್ದ. ನಾನು ಅವನನ್ನು ಹವಾಲ್ದಾರ್ ಸಾಬ್ ಎನ್ನಬೇಕಿತ್ತು. ಮೊದಮೊದಲು ಆ ಎರಡು ಪದ ಬಾಯಿಂದ ಹೊರಡುವಾಗ ಯಾರದೋ ನಾಟಕದ ಮಾತು ಹೇಳಿದಂತಾಗುತ್ತಿತ್ತು.

ಕಲಿತದ್ದನ್ನು ಸ್ವಲ್ಪ ಬರೆಯಬೇಕು. ಬಂದೂಕನ್ನು ಬಿಚ್ಚಿ, ನಳಿಗೆಯೊಳಗೆ ಹಗ್ಗದ ತುದಿಗೆ ಬಟ್ಟೆಯ ಚೂರು ಕಟ್ಟಿ ಎಳೆದು, ಎಣ್ಣೆ ಸವರಿ ಮತ್ತೆ ಜೋಡಿಸುವುದು ನನಗೆ ಬೇಗ ಬಂತು. ಗುರಿಯೂ ಪರವಾಗಿಲ್ಲ. ನಕ್ಷೆ ಓದುವುದರಲ್ಲಂತೂ ನಾನೇ ಮುಂದು. ಜೋಗಿಮಟ್ಟಿಯ ನೆತ್ತಿಗೆ ಹತ್ತಿ ನಿಂತು ಕೆಳಗಿನ ಕೆರೆ, ರಸ್ತೆ, ರೈಲುದಾರಿಗಳನ್ನು ನಕ್ಷೆಯೊಂದಿಗೆ ಹೋಲಿಸುವಾಗ, ವಿಮಾನದಿಂದ ನೆಲ ಹೀಗೇ ಕಾಣುತ್ತದೇನೋ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹಿಗ್ಗು ಇಳಿಯುತ್ತಿದ್ದದ್ದು ಹಾರೆ ಹಿಡಿದಾಗ. ಆ ಗರಸು ನೆಲದಲ್ಲಿ ಮೊಣಕಾಲಾಳದ ಕಂದಕ ತೋಡುವಷ್ಟರಲ್ಲಿ ನನ್ನ ಅಂಗೈ ಸುಲಿದುಹೋಗುತ್ತಿತ್ತು. ಪಕ್ಕದಲ್ಲಿ ಹೊಸದುರ್ಗದ ಕಡೆಯ ಒಬ್ಬ ಸಿಪಾಯಿ ತನ್ನ ಪಾಲಿನದನ್ನು ಮುಗಿಸಿ ನನ್ನ ಪಾಲಿಗೆ ಬರುತ್ತಿದ್ದ.

"ಸರೀರಿ ಇಮಾನದ ಸಾಹೇಬ್ರೇ. ನೀವು ಮ್ಯಾಲಿಂದ ನೋಡಿ ಹೇಳಿ, ಎಲ್ಲಿ ತೋಡ್ಬೇಕು ಅಂತ. ನಾನು ತೋಡ್ತೀನಿ."

ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅಣ್ಣನ ಬೈಗುಳದ ಮೇಲೆ ಮಾತ್ರ ಒಂದು ತಕರಾರಿತ್ತು. ಒಂದು ಸಂಜೆ ತಟ್ಟೆ ತೊಳೆಯುವಾಗ ಹೇಳಿದ. "ನಮ್ಮವ್ವನ್ನ ದಿನಾ ಅಂತಾನೆ ನಿಮ್ಮಣ್ಣ. ನೀವು ಎಡಗಾಲು ಅಂದ್ರೆ ಬಲಗಾಲು ಎತ್ತಿದ್ರೂ ನಿಮ್ಮವ್ವನ್ನ ಒಂದ್ಸಲನೂ ಅನ್ನಲ್ಲ. ನ್ಯಾಯನಾ ಇದು? ಪಾಪ, ನಮ್ಮವ್ವನೂ ಯಾರಿಗೂ ಏನೂ ಮಾಡಿಲ್ಲ."

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ಕವಾಯತಿನಲ್ಲಿ ಗಮನಿಸಿದೆ. ನಿಜ. ನನ್ನ ಸಾಲಿಗೆ ಬಂದಾಗ ಅಣ್ಣನ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ನಡಿಗೆ. ಹರಿಯಬ್ಬೆಯ ಎರೆ ಹೊಲದಲ್ಲಿ ಬರಿಗಾಲಲ್ಲಿ ಬೆಳೆದವನು ನಾನು. ಆದರೆ ಕಾಲೇಜಿನ ವರ್ಷಗಳಲ್ಲಿ ಮೆದು ಚಪ್ಪಲಿ, ಬೂಟು ಹಾಕಿ ಹಿಮ್ಮಡಿ ಹೂವಾಗಿತ್ತು. ಶಿಬಿರದ ಬೂಟಿನ ತಳಕ್ಕೆ ಕಬ್ಬಿಣದ ಮೊಳೆ ಹೊಡೆದಿದ್ದರು. ಬೆನ್ನಿಗೆ ಮೂಟೆ, ಹೆಗಲಿಗೆ ಬಂದೂಕು, ಸೊಂಟಕ್ಕೆ ನೀರಿನ ಬುದ್ದಲಿ. ಮೊದಲ ದೂರದ ನಡಿಗೆಗೆ ನಮ್ಮನ್ನು ಗುಡ್ಡದ ಸುತ್ತ ಕರೆದೊಯ್ದರು. ವಾಪಸು ಬಂದ ಮೇಲೆ ಊಟಕ್ಕೂ ಮೊದಲು ಕಾಲಿನ ತಪಾಸಣೆ.

ಇದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆಯಿತು. ಸಿಪಾಯಿಗಳು ಬೂಟು, ಕಾಲುಚೀಲ ಬಿಚ್ಚಿ ಸಾಲಾಗಿ ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ. ತುಕಡಿಯ ಹವಾಲ್ದಾರ ಒಬ್ಬೊಬ್ಬರ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ಪಾದವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಹಿಮ್ಮಡಿ ಒತ್ತಿ ನೋಡುತ್ತಾನೆ, ಬೆರಳಿನ ಸಂದಿ ಬಿಡಿಸುತ್ತಾನೆ. ಬೊಬ್ಬೆ ಕಂಡರೆ ಸೂಜಿಯಲ್ಲಿ ಉಣ್ಣೆಯ ದಾರ ಪೋಣಿಸಿ ಬೊಬ್ಬೆಯೊಳಗೆ ಹಾಯಿಸಿ, ನೀರು ಇಳಿಯಲೆಂದು ದಾರವನ್ನು ಅಲ್ಲೇ ಬಿಟ್ಟು, ಮೇಲಿನ ಚರ್ಮ ಕೀಳದಂತೆ ಪಟ್ಟಿ ಕಟ್ಟುತ್ತಾನೆ. ಎಲ್ಲ ಮುಗಿದ ಮೇಲೆ ಎದ್ದು ನಿಂತು ಮೇಲಿನವರಿಗೆ "ಎಲ್ಲಾ ಕಾಲು ನೋಡೀನಿ ಸಾಬ್, ಸರಿ ಅವೆ" ಎಂದು ವರದಿ ಒಪ್ಪಿಸಬೇಕು. ನೋಡದೆ ಒಪ್ಪಿಸುವುದು ಸೈನ್ಯದಲ್ಲಿ ಸಣ್ಣ ತಪ್ಪಲ್ಲ.

ಅಣ್ಣ ಸಾಲಿನಲ್ಲಿ ಬರುತ್ತಾ ಬರುತ್ತಾ ನನ್ನ ಮುಂದೆ ಕೂತ. ನನ್ನ ಪಾದಕ್ಕೆ ಕೈ ಚಾಚಿದ.

ನಾನು ಕಾಲು ಎಳೆದುಕೊಂಡೆ. ಯೋಚಿಸಿ ಮಾಡಿದ್ದಲ್ಲ. ನಮ್ಮಲ್ಲಿ ಊರಿಗೆ ಹೊರಡುವಾಗ, ಹಬ್ಬದ ದಿನ, ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡುವವನು ನಾನು. ಅಪ್ಪ ಇಲ್ಲದ ಮನೆಯಲ್ಲಿ ಅದು ಇನ್ನೂ ಗಟ್ಟಿಯಾಗಿತ್ತು. ಮಲಗಿದ್ದಾಗ ಅಪ್ಪಿತಪ್ಪಿ ನನ್ನ ಕಾಲು ಅವನಿಗೆ ತಗುಲಿದರೆ ನಿದ್ದೆಗಣ್ಣಿನಲ್ಲೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಈಗಲೂ ಅದೇ ಆಯಿತು. ಎಳೆದುಕೊಳ್ಳುವ ಭರದಲ್ಲಿ ನನ್ನ ಪಾದ ಅವನ ಕೈಗೆ ತಗುಲಿತು. ನಾನು ಅವನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡೆ. ತುಕಡಿಯ ಎದುರಿಗೆ, ಸಮವಸ್ತ್ರದಲ್ಲಿ.

ಹೊಸದುರ್ಗದವನು ಸುಮ್ಮನಿರಲಿಲ್ಲ. "ಹವಾಲ್ದಾರ್ರೇ, ನೀವು ಕಾಲು ನೋಡಕ್ಕೆ ಬಂದ್ರಿ, ಅವ್ರು ನಿಮ್ಗೆ ಪೂಜೆ ಮಾಡಿ ಕಳಿಸಿದ್ರು. ಕಾಯಿ ಒಡೀಬೇಕೇನ್ರಿ?"

"ಬಾಯ್ ಮುಚ್ಚಲೇ," ಅಂದ ಅಣ್ಣ. ಅವನ ಕಿವಿ ಕೆಂಪಾಗಿತ್ತು. ನನ್ನ ಕಡೆ ನೋಡದೆ, "ನೋವೈತಾ?" ಎಂದ. ಇಲ್ಲ ಎಂದೆ. ಅವನು ಎದ್ದು ಪಕ್ಕದವನ ಮುಂದೆ ಹೋಗಿ ಕೂತ. ಕೊನೆಯಲ್ಲಿ ಎಲ್ಲ ಕಾಲೂ ಸರಿ ಇವೆ ಎಂದು ಒಪ್ಪಿಸಿದ.

ಅವತ್ತು ನನ್ನ ಕಾಲು ನಿಜವಾಗಿಯೂ ಸರಿಯಾಗಿತ್ತು. ಆದ್ದರಿಂದ ಅದು ಸುಳ್ಳಾಗಲಿಲ್ಲ. ಆದರೆ ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ತಪಾಸಣೆಯ ಹೊತ್ತಿಗೆ ಅಣ್ಣ ನನ್ನ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತಿದ್ದ. ನಾನು ಏನಿಲ್ಲ ಎಂದು ತಲೆಯಾಡಿಸುತ್ತಿದ್ದೆ. ಅವನು ಮುಂದೆ ಹೋಗುತ್ತಿದ್ದ. ನಾವಿಬ್ಬರೂ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಹೊಳಲ್ಕೆರೆಯ ಮೇಲೆ ಹೊಸದುರ್ಗಕ್ಕೆ ಹೋಗುವ ದೊಡ್ಡ ನಡಿಗೆಯ ವಿಷಯ ಬಂದದ್ದು ಅದಾದ ಮೇಲೆ. ತುಕಡಿಗಳ ಪರೀಕ್ಷೆ ಅದು. ಯಾರೂ ಬಿದ್ದುಹೋಗದೆ, ಎಲ್ಲರೂ ತಮ್ಮ ಹೊರೆ ತಾವೇ ಹೊತ್ತು ಊರು ಸೇರಬೇಕು. ಹೊರಡುವ ಹಿಂದಿನ ದಿನ ಬೂಟಿಗೆ ಎಣ್ಣೆ ತಿಕ್ಕುತ್ತಾ ಹೊಸದುರ್ಗದವನು ನನಗೆ ಹೇಳಿದ.

"ನಿಮ್ಮಣ್ಣ ಹೇಳಿಲ್ವಾ ನಿಮ್ಗೆ? ಈ ಸಲ ತುಕಡಿ ಪೂರ್ತಿ ಮುಟ್ಟಿದ್ರೆ ಅವ್ನಿಗೆ ಜಮಾದಾರ್ ಆಗಾಕೆ ಸಾಹೇಬ್ರು ಬರೀತಾರಂತೆ. ಹೋದ್ಸಲನೇ ಆಗ್ಬೇಕಿತ್ತು. ಒಬ್ಬ ದಾರೀಲಿ ಜ್ವರ ಬಂದು ಮಲಗಿಬಿಟ್ಟ."

"ಅಣ್ಣ ಏನೂ ಹೇಳಲಿಲ್ಲ."

"ಹೇಳಲ್ಲ ಬಿಡ್ರಿ ಅವ್ನು. ನಾವೆಲ್ಲ ಮಾತಾಡ್ಕಂಡೀವಿ, ತೆವಳ್ಕಂಡಾದ್ರೂ ಹೋಗಾಣ ಅಂತ. ನಮ್ಮವ್ವನ್ನ ಅಂದ್ರೂ ಒಳ್ಳೇ ಮನ್ಸ ಕಣ್ರಿ."

ಜಮಾದಾರ್ ಎಂದರೆ ಸಿಪಾಯಿಯಾಗಿ ಸೇರಿದವನು ಅಧಿಕಾರಿಯ ಸಾಲಿಗೆ ಕಾಲಿಡುವ ಮೊದಲ ಮೆಟ್ಟಿಲು. ಅಲ್ಲಿಗೆ ಮುಟ್ಟಲು ಅವನಿಗೆ ಅಷ್ಟೂ ವರ್ಷ ಬೇಕಾಗಿತ್ತು. ನಾನು ಒಂದು ಪದವಿ, ಒಂದು ಸಂದರ್ಶನದಲ್ಲಿ ಅದನ್ನು ದಾಟಿ ಮೇಲೆ ಹೋಗಿಬಿಡುವವನಿದ್ದೆ.

ಹೊಳಲ್ಕೆರೆಯ ದಾರಿಯಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಬಲ ಹಿಮ್ಮಡಿಯಲ್ಲಿ ಕಾಲುಚೀಲ ಮಡಚಿಕೊಂಡಿತ್ತು. ನಿಂತು ಸರಿಮಾಡಿಕೊಳ್ಳಬಹುದಿತ್ತು, ಅದಕ್ಕೆ ಅಪ್ಪಣೆಯೂ ಇತ್ತು. ನನ್ನಿಂದ ಸಾಲು ನಿಲ್ಲುವುದು ಬೇಡ ಎಂದುಕೊಂಡೆ. ರಸ್ತೆಯ ಎರಡೂ ಕಡೆ ಜಾಲಿಮರ, ಆಚೆ ಹರಗಿದ ಹೊಲ. ಬಿಸಿಲು ಹೆಗಲ ಮೇಲೆ ಕೂತಿತ್ತು. ಸ್ವಲ್ಪ ಹೊತ್ತಿಗೆ ಹಿಮ್ಮಡಿಯಲ್ಲಿ ಬಿಸಿ, ಆಮೇಲೆ ಒದ್ದೆ. ಒದ್ದೆಯಾದದ್ದು ಬೆವರು ಎಂದು ನನಗೆ ನಾನೇ ಹೇಳಿಕೊಂಡೆ.

ಬೀಡಿನಲ್ಲಿ ಬೂಟು ಬಿಚ್ಚಿದಾಗ ಚರ್ಮ ಸುಲಿದು ಕಾಲುಚೀಲಕ್ಕೆ ಅಂಟಿತ್ತು. ಅದನ್ನು ನೀರು ಹಾಕಿ ಬಿಡಿಸಿ, ಕಾಲನ್ನು ಮಡಚಿ ಕಂಬಳಿಯ ಕೆಳಗೆ ಇಟ್ಟುಕೊಂಡು ಕೂತೆ. ಅಣ್ಣ ಸಾಲಿನಲ್ಲಿ ಬಂದ. ನನ್ನ ಮುಂದೆ ನಿಂತ. ಈ ಸಲ ಸ್ವಲ್ಪ ಹೆಚ್ಚು ಹೊತ್ತು ನಿಂತ ಎಂದು ನನ್ನ ನೆನಪು. ಅದು ನಿಜವೋ, ನಾನು ಆಮೇಲೆ ಸೇರಿಸಿಕೊಂಡದ್ದೋ ತಿಳಿಯದು. ನಾನು ತಲೆಯಾಡಿಸಿದೆ. ಅವನು ಮುಂದೆ ಹೋದ. ಅವನು ಒಪ್ಪಿಸಿದ ಮಾತು ನನಗೆ ಕೇಳಿಸಿತು. "ಎಲ್ಲಾ ಕಾಲು ನೋಡೀನಿ ಸಾಬ್, ಸರಿ ಅವೆ."

ಆಗಲಾದರೂ ಎದ್ದು ಹೋಗಿ ಹೇಳಬಹುದಿತ್ತು. ಹೇಳಿದರೆ ಅವನು ಸುಳ್ಳು ಒಪ್ಪಿಸಿದ್ದು ಹೊರಬೀಳುತ್ತದೆ ಎಂದು ನನ್ನ ತರ್ಕ. ನಾಳೆ ಒಂದು ದಿನ ಹೇಗೋ ನಡೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಮಾರನೆಯ ದಿನ ಹೊಸದುರ್ಗದ ಗುಡ್ಡ ಕಣ್ಣಿಗೆ ಕಂಡ ಮೇಲೆ ನಾನು ಬಿದ್ದೆ. ಮೊಣಕಾಲಿನವರೆಗೂ ಬಾವು ಏರಿತ್ತು, ಮೈ ಸುಡುತ್ತಿತ್ತು. ಹೊಸದುರ್ಗದವನು ನನ್ನ ಬಂದೂಕು ತೆಗೆದುಕೊಂಡ, ಇನ್ನೊಬ್ಬ ಮೂಟೆ ತೆಗೆದುಕೊಂಡ. ಅಣ್ಣ ಬೂಟು ಬಿಚ್ಚಲು ನೋಡಿದ, ಬರಲಿಲ್ಲ. ಚಾಕುವಿನಿಂದ ಚರ್ಮ ಸೀಳಿ ತೆಗೆದ. ತುಕಡಿಯವರು ಸುತ್ತ ನಿಂತಿದ್ದರು. ಯಾರೂ ತಮಾಷೆ ಮಾಡಲಿಲ್ಲ. ತೆವಳಿಕೊಂಡಾದರೂ ಹೋಗುತ್ತೇವೆ ಎಂದು ಮಾತಾಡಿಕೊಂಡಿದ್ದವರು ಅವರು. ನನ್ನನ್ನು ಸಂತೆಗೆ ಹೋಗುತ್ತಿದ್ದ ಒಂದು ಎತ್ತಿನ ಗಾಡಿಯಲ್ಲಿ ತೆಂಗಿನಕಾಯಿಯ ಮೇಲೆ ಮಲಗಿಸಿ ಊರಿಗೆ ಕಳಿಸಿದರು.

ಹೊಸದುರ್ಗದ ಆಸ್ಪತ್ರೆಯ ಡಾಕ್ಟರು ಹಿಮ್ಮಡಿ ಕೊಯ್ದು ಕೀವು ತೆಗೆದರು. "ಇದು ನಿನ್ನೆಯ ಗಾಯ. ನಿನ್ನೆಯೇ ಕಟ್ಟಿದ್ದರೆ ಇಷ್ಟು ಆಗ್ತಿರಲಿಲ್ಲ," ಎಂದು ಕ್ಯಾಪ್ಟನ್ನರ ಎದುರಿಗೇ ಹೇಳಿದರು. ಡಾಕ್ಟರು ಹೋದ ಮೇಲೆ ಕ್ಯಾಪ್ಟನ್ನರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಹೊಳಲ್ಕೆರೆಯಲ್ಲಿ ನಿಮ್ಮ ಕಾಲು ತಪಾಸಣೆ ಆಯಿತೆ?"

ಆ ಪ್ರಶ್ನೆ ಬರುತ್ತದೆಂದು ಗಾಡಿಯಲ್ಲೇ ಗೊತ್ತಿತ್ತು. ಉತ್ತರವನ್ನೂ ಗಾಡಿಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. "ಆಯಿತು ಸಾರ್. ಹವಾಲ್ದಾರರು ನೋಡಿದರು. ಆಗ ಏನೂ ಇರಲಿಲ್ಲ. ಆಮೇಲೆ ಕಲ್ಲು ತಗುಲಿ ಆಗಿರಬೇಕು."

"ನಿಮ್ಮ ಹವಾಲ್ದಾರರು ಊರು ಮುಟ್ಟಿದ ಕೂಡಲೇ ನನ್ನ ಹತ್ತಿರ ಬಂದು, ನೋಡಲಿಲ್ಲ ಸಾಬ್, ನೋಡದೆ ಒಪ್ಪಿಸಿದೆ ಅಂತ ಹೇಳಿದರು. ಯಾಕೆ ಅಂತ ಕೇಳಿದರೆ ಬಾಯಿ ಬಿಡಲಿಲ್ಲ." ಎದ್ದು ಟೋಪಿ ಹಾಕಿಕೊಂಡರು. "ನಿಮ್ಮನ್ನು ನಾನು ಇನ್ನೇನೂ ಕೇಳೋದಿಲ್ಲ. ಸುಧಾರಿಸಿಕೊಳ್ಳಿ."

"ಅವರಿಗೆ ಏನಾಗುತ್ತೆ ಸಾರ್?"

"ಹವಾಲ್ದಾರರಾಗಿ ಇರುತ್ತಾರೆ."

"ನನಗೆ?"

ಅವರು ಬಾಗಿಲ ಬಳಿ ನಿಂತರು. ನನ್ನ ಪ್ರಶ್ನೆಗೆ ಅವರಿಗೆ ನಾಚಿಕೆಯಾದಂತೆ ಕಂಡಿತು. "ನಿಮಗೇನು? ನಿಮ್ಮದು ಕಡ್ಡಾಯವಲ್ಲವಲ್ಲ. ನಿಮ್ಮ ಮೇಲೆ ಬರೆಯೋದಕ್ಕೆ ನನ್ನ ಹತ್ತಿರ ಕಾಗದವೇ ಇಲ್ಲ."

ಆ ಮಂಚದ ಮೇಲೆ ಮಲಗಿ ನನಗೆ ಅರ್ಥವಾಗಿದ್ದು ಸಣ್ಣ ವಿಷಯ. ಕಾಲು ಚಾಚಿ ಕೂತ ಆ ಸಾಲಿನಲ್ಲಿ ತಪ್ಪು ಮಾಡಿದರೂ ಏನೂ ಆಗದಿದ್ದವನು ನಾನೊಬ್ಬನೇ. ಅದನ್ನು ಅಣ್ಣ ಹರಿಯಬ್ಬೆಯಲ್ಲೇ ಕಂಡಿದ್ದನೇನೋ. ತನ್ನ ಕೈಕೆಳಗೆ ಬೇಡ ಎಂದ ಅವನ ಮಾತನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಜ್ವರ ಇಳಿದ ಮೇಲೆ ನನ್ನನ್ನು ರೈಲಿನಲ್ಲಿ ದುರ್ಗಕ್ಕೆ ಕಳಿಸಿದರು. ಗಾಯ ಮಾಯುವವರೆಗೂ ಡೇರೆಯಲ್ಲೇ ಇರಬೇಕಾಯಿತು. ಅಷ್ಟರಲ್ಲಿ ಊರಿಗೆ ಹೋಗಿಬಿಡುವುದೆಂದು ತೀರ್ಮಾನಿಸಿದ್ದೆ. ಹಾರಾಟದ ಶಾಲೆಗೆ ಇದರ ಅಗತ್ಯವಿಲ್ಲ, ಅಣ್ಣನಿಗೆ ನನ್ನ ಮುಖ ನೋಡುವ ಹಿಂಸೆಯೂ ತಪ್ಪುತ್ತದೆ. ಪೆಟ್ಟಿಗೆ ಕಟ್ಟುತ್ತಿದ್ದಾಗ ಅವನು ಡೇರೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಹೊಂಟೆಯಾ?"

"ಇನ್ನು ಇದ್ದರೆ ನಿನಗೆ ಕಷ್ಟ."

"ನನ್ನ ಕಷ್ಟ ಆಗೋಯ್ತು. ಅದನ್ನ ನೀನು ಹೊತ್ಕಂಡು ಹೋಗಾಕೆ ಆಗಲ್ಲ." ಡೇರೆಯ ಗೂಟವನ್ನು ಕಾಲಿನಿಂದ ಒತ್ತುತ್ತಾ ಹೇಳಿದ. "ಹೋಗಂಗಿದ್ರೆ ಹೋಗು. ಆದ್ರೆ ತುಕಡಿಯೋರು ನಿನ್ನ ಬಂದೂಕು ಹೊತ್ತವ್ರೆ. ಅವ್ರಿಗೆ ಒಂದು ಮಾತೂ ಹೇಳ್ದಂಗೆ ಹೋಗಬ್ಯಾಡ."

ಅವತ್ತು ಸಂಜೆ ಹೇಳಲು ಹೋದೆ. ಹೊಸದುರ್ಗದವನು ಒಲೆಯ ಹತ್ತಿರ ಕೂತಿದ್ದ. ನಾನು ಏನೇನೋ ಕ್ಷಮೆಯ ಮಾತು ಶುರುಮಾಡಿದೆ. ಓದಿದವರ ಮಾತು, ಉದ್ದವಾಗಿತ್ತು. ಅವನು ಕೇಳಿಸಿಕೊಂಡು, "ಹಿರಿಯೂರ ನಡಿಗೆ ಐತೆ ಇನ್ನು. ಅದ್ರಾಗೆ ಬರ್ತೀರೋ ಇಲ್ವೋ ಅಷ್ಟು ಹೇಳ್ರಿ ಸಾಕು. ಕುಂತ್ಕಳ್ರಿ, ಉಂಡು ಹೋಗ್ರಿ," ಎಂದ.

ನಾನು ಉಳಿದೆ. ಅದು ಧೈರ್ಯದ ತೀರ್ಮಾನವೇನಲ್ಲ. ಆ ಮುಖಗಳೆದುರು ಹೋಗುತ್ತೇನೆ ಎಂದು ಹೇಳಲು ನಾಲಿಗೆ ಏಳಲಿಲ್ಲ, ಅಷ್ಟೆ. ಕ್ಯಾಪ್ಟನ್ನರು, "ಬೇರೆ ತುಕಡಿಗೆ ಹಾಕಲೆ?" ಎಂದಾಗ ಈ ಸಲ ಯೋಚಿಸಿದೆ. ಬೇಡ, ಅದೇ ಇರಲಿ ಎಂದೆ. ಮೊದಲ ಸಲ ಅಂದದ್ದೂ ಇದನ್ನೇ. ಎರಡಕ್ಕೂ ಕಾರಣ ಬೇರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ತರಬೇತಿಯ ಕೊನೆಯ ನಡಿಗೆ ಹಿರಿಯೂರಿನದು. ಅದು ಪರೀಕ್ಷೆಯಲ್ಲ, ಅದರಿಂದ ಯಾರಿಗೂ ಏನೂ ಸಿಗುವುದಿರಲಿಲ್ಲ. ದಾರಿಯಲ್ಲಿ ಎರಡು ಸಲ ಸಾಲಿನಿಂದ ಹೊರಗೆ ಬಂದು ಕಾಲುಚೀಲ ಸರಿಮಾಡಿಕೊಂಡೆ. ಎರಡು ಸಲವೂ ಎಲ್ಲರೂ ನೋಡಿದರು. ವೇದಾವತಿಯ ದಂಡೆಯ ಮರಳಿನ ಮೇಲೆ ತುಕಡಿ ಕೂತಿತು. ಹೊಳೆಯಲ್ಲಿ ನೀರು ಒಂದು ಪಟ್ಟಿಯಷ್ಟೇ ಇತ್ತು. ಬೂಟು ಬಿಚ್ಚಿದೆ. ಹಳೆಯ ಗಾಯದ ಪಕ್ಕ ಹೊಸ ಬೊಬ್ಬೆಯೊಂದು ಎದ್ದಿತ್ತು. ಕಾಲನ್ನು ಮಡಚದೆ ಚಾಚಿದೆ.

ಅಣ್ಣ ಸಾಲಿನಲ್ಲಿ ಬಂದು ನನ್ನ ಮುಂದೆ ನಿಂತ. ನಾನು ತಲೆಯಾಡಿಸಲಿಲ್ಲ. ಕಾಲನ್ನು ಇನ್ನಷ್ಟು ಮುಂದಕ್ಕೆ ಸರಿಸಿದೆ. ಅವನು ಕುಕ್ಕರುಗಾಲಲ್ಲಿ ಕೂತ. ಪಾದವನ್ನು ಕೈಗೆ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅವನ ಕೈ ಒರಟಾಗಿತ್ತು, ಬೆಚ್ಚಗಿತ್ತು. ಅಷ್ಟು ಹತ್ತಿರದಿಂದ ಅವನ ನೆತ್ತಿ ನೋಡಿ ಎಷ್ಟೋ ವರ್ಷವಾಗಿತ್ತು. ಅಲ್ಲಿ ಆಗಲೇ ಕೂದಲು ಬಿಳಿಯಾಗತೊಡಗಿತ್ತು. ನಾನು ಕೈ ಎರಡನ್ನೂ ಮರಳಿನಲ್ಲಿ ಹೂತಿಟ್ಟುಕೊಂಡೆ, ಅವು ತಾವಾಗಿ ಏನೂ ಮಾಡದಿರಲಿ ಎಂದು.

ಅವನು ಸೂಜಿಗೆ ದಾರ ಪೋಣಿಸಿದ. "ಅಲ್ಲಾಡಬ್ಯಾಡಲೇ," ಅಂದ. ಆಮೇಲೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಅಷ್ಟೂ ದಿನ ನನ್ನ ಸಾಲಿಗೆ ಬಾರದಿದ್ದ ಆ ಬೈಗುಳವನ್ನು ಪೂರ್ತಿಯಾಗಿ ಬೈದ. ನನಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಸೂಜಿ ಚುಚ್ಚಿದ್ದಕ್ಕೆ ಎಂದು ಅವನು ತಿಳಿದಿರಬೇಕು.

ಆಗ ಕೇಳಿದೆ. ಅದಾದ ಮೇಲೂ ಕೇಳಿದ್ದೇನೆ, ಒಂದು ಸಲ ಹಾರಾಟದ ಶಾಲೆಯಿಂದ ಬರೆದ ಕಾಗದದಲ್ಲಿ, ಇನ್ನೊಂದು ಸಲ ಊರಿನಲ್ಲಿ, ಅವನು ಪಿಂಚಣಿ ಪಡೆದು ಬಂದ ವರ್ಷ. ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಕೇಳಿದ್ದು ಇಷ್ಟೆ.

"ಅಣ್ಣ, ಹೊಳಲ್ಕೆರೆಯಲ್ಲಿ ನೀನು ನನ್ನ ಕಾಲು ನೋಡದೆ ಮುಂದೆ ಹೋದದ್ದು ನಾನು ನಿನ್ನ ತಮ್ಮ ಅಂತಲೋ, ನಾಳೆ ಸಾಹೇಬ ಆಗುವವನು ಅಂತಲೋ?"

ಅವನು ದಾರದ ತುದಿಯನ್ನು ಹಲ್ಲಿನಿಂದ ಕಡಿದು, ಪಟ್ಟಿ ಸುತ್ತಿ, ಆ ಪಾದವನ್ನು ಮೆಲ್ಲಗೆ ಮರಳಿನ ಮೇಲೆ ಇಟ್ಟ.

"ಇನ್ನೊಂದು ಕಾಲು ಕೊಡು," ಅಂದ.